ಹುಬ್ಬಳ್ಳಿತನಕ ಹೋದ ನನ್ನ ದನಿ

ಬ್ಯಾಡಗಿಯ ಸಣ್ಣ ರೇಡಿಯೋದಾಗ ನಾನು ಮಾತಾಡಾಕ ಕುಂತರೆ, ಮೆಣಸಿನಕಾಯಿ ತೊಟ್ಟು ಮುರಿಯೋ ಹೆಣ್ಣುಮಕ್ಕಳು ಸೀನೋದನ್ನ ಸುದ್ದಾ ಮರೀತಿದ್ದರು. ಸ್ಟೇಷನ್ ನಡೆಸುತ್ತಿದ್ದಾಕಿ ಶಾಂತಕ್ಕ. ಅದಕ್ಕಾಗಿ ಆಕಿ ಸಾಲಿ ನೌಕರಿ ಬಿಟ್ಟಿದ್ದಳು. ದನಿ ಸುತ್ತಲಿನ ಹಳ್ಳಿ ದಾಟಬಾರದು, ದಾಟಿದರೆ ಇನ್ನೊಬ್ಬರ ತರಂಗಕ್ಕೆ ಅಡ್ಡ ಬರತೈತಿ ಅಂತ ಸರ್ಕಾರದ ಕಟ್ಟಳೆ ಇತ್ತು.

ಪರವಾನಗಿ ಮುಂದುವರಿಸೋ ಮೊದಲು ತಪಾಸಣೆಗೆ ಸಾಹೇಬರೊಬ್ಬರು ಬಂದರು. ಶಾಂತಕ್ಕ ಚಹಾ ಮಾಡಾಕ ಒಳಗೆ ಹೋಗಿದ್ದಳು.

"ಅಜ್ಜಾರ, ನಿಮ್ಮ ಮಾತು ಎಲ್ಲೀತನಕ ಕೇಳಸ್ತದರಿ?" ಅಂದರು.

ಇಂಥಾದ್ದು ಕೇಳಿದರೆ ನಾನು ಸುಮ್ಮನಿರೋ ಪೈಕಿ ಅಲ್ಲ. "ಹುಬ್ಬಳ್ಳಿತನಕ ರೀ! ಅಲ್ಲಿ ನಮ್ಮ ಬೀಗರು ಕೇಳಿ, ನಕ್ಕು ನಕ್ಕು ಹಲ್ಲಿನ ಸೆಟ್ ಕಳಕೊಂಡಾರ," ಅಂದೆ.

ಸಾಹೇಬರು ನಗಲಿಲ್ಲ, ಬರಕೊಂಡರು.

ಶಾಂತಕ್ಕ ಓಡಿ ಬಂದಳು. "ಯಜ್ಜಾ, ಏನ್ ಹೇಳಿಬಿಟ್ಟಿ! ಸರ, ಈ ಮುದುಕ ಬರೇ ಸುಳ್ಳ ಹೇಳ್ತಾನ್ರಿ," ಅಂತ ಕೈಮುಗಿದಳು. ನಾನೂ ಸುಳ್ಳೇ ಅಂತ ಆಣೆ ಮಾಡಿದೆ. ಅವರು ಕೇಳಲಿಲ್ಲ. ತನಿಖೆ ಮುಗಿಯೋತನಕ ಸ್ಟೇಷನ್ ಬಂದ್ ಮಾಡಿಸಿದರು. ತನಿಖೆ ಇನ್ನೂ ಮುಗಿದಿಲ್ಲ. ಶಾಂತಕ್ಕ ಎದುರಿಗೆ ಬಂದರೆ ಇವತ್ತಿಗೂ ನಾನು ಓಣಿ ಬದಲಿಸ್ತೇನಿ.

ಜನ್ಮಪೂರ್ತಿ ಬಡಾಯಿ ಕೊಚ್ಚೇನಿ. ಹೆಂಡತಿ ನಂಬಲಿಲ್ಲ, ಊರು ನಂಬಲಿಲ್ಲ. ನಂಬಿದ ಮನುಷ್ಯ ಒಬ್ಬನೇ ಸಿಕ್ಕ, ಅವನೂ ಸರ್ಕಾರದಾಂವ.