ವಾಪಸು ಬಂದದ್ದು ನಮ್ಮ ಕಂಬಳಿಯಲ್ಲ

ಫೋನಿನಲ್ಲಿ ಕಂಬಳಿ ಮಾರುತ್ತೇನೆ ಎಂದಾಗ ಆಂಧ್ರದ ಗಡಿಯ ನಮ್ಮ ಹಳ್ಳಿಯಲ್ಲಿ ನಗದವರೇ ಇರಲಿಲ್ಲ. ಕಂಬದೂರು ರಸ್ತೆಯಲ್ಲಿ ಆಟೋ ಹಿಡಿದು, ಮಡಿಲಲ್ಲಿ ಪಾರ್ಸೆಲ್ ಇಟ್ಟುಕೊಂಡು ಕಲ್ಯಾಣದುರ್ಗದ ಕೊರಿಯರ್ ಆಫೀಸಿಗೆ ಹೊರಟರೆ ಸಾಕು, "ಕಂಬ್ಳಿನ ಫೋನಾಗೆ ಯಾರಮ್ಮ ಮುಟ್ಟಿ ನೋಡ್ತಾರೆ?" ಎಂದು ಯಾರಾದರೂ ಕೇಳುವವರೇ. ಎಲ್ಲರಿಗಿಂತ ಮೊದಲು ನಕ್ಕವರು ನಮ್ಮ ಮಾವ.

ಮಾವ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ನೂಲು ತೆಗೆಯುವವಳು ನಾನು. ಉಣ್ಣೆ ನಮ್ಮ ಯಜಮಾನರು ಮೇಯಿಸುವ ಕುರಿಗಳದು. ಮಾರುವುದು ಮಾತ್ರ ಹಿಂದಿನಿಂದಲೂ ದಲ್ಲಾಳಿಯ ಕೆಲಸ. ಅವನು ಬಂದು ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ, ಮೂಗು ಮುರಿದು, ತನಗೆ ತೋಚಿದ ಬೆಲೆ ಹೇಳಿ, ಹೊತ್ತುಕೊಂಡು ಹೋಗುತ್ತಿದ್ದ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುವುದರಿಂದ ಹೊಸದರಲ್ಲಿ ಒಂದು ಹುಳಿ ವಾಸನೆ ಇರುತ್ತದೆ, ಹೌದು. ಆದರೆ ಅದೇ ವಾಸನೆಯ ಕಂಬಳಿಯನ್ನು ಊರೂರಿಗೆ ಹೊತ್ತು ಮಾರಿ ಮನೆ ಕಟ್ಟಿಸಿದವನು ನಮ್ಮ ಅಂಗಳದಲ್ಲಿ ನಿಂತು ಮೂಗು ಮುರಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಮೂಗನ್ನು ನೋಡಿ ನೋಡಿಯೇ ನನಗೆ ಹಟ ಹುಟ್ಟಿದ್ದು. ಆನ್‌ಲೈನ್ ಮಾರಾಟದ ಒಂದು ಕಂಪನಿಯಲ್ಲಿ, ಫೋನಿನಲ್ಲೇ ಅಂಗಡಿ ತೆರೆದೆ. ಫೋಟೋದ ಕೆಳಗೆ ವಾಸನೆಯ ವಿಷಯವನ್ನೂ ಬರೆದೆ. ಆದರೂ ಕೊಳ್ಳುವವರು ಬಂದರು. ಗೊತ್ತಿಲ್ಲದ ಊರುಗಳಿಂದ ಬಂದರು. ದಲ್ಲಾಳಿ ನಮ್ಮ ಬಾಗಿಲಿಗೆ ಬರುವುದು ಕಡಿಮೆಯಾಯಿತು, ಮಾವ ನಗುವುದೂ ನಿಂತಿತು.

ಹಿಂದೂಪುರದಿಂದ ಆರ್ಡರ್ ಬಂದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನನ್ನ ತವರು ಲೇಪಾಕ್ಷಿಯ ಪಕ್ಕದ ಊರು. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋಗಿ ಬಂದವಳು ನಾನು. ನಮ್ಮ ಕಡೆಯವರು ತೆಗೆದುಕೊಳ್ಳುತ್ತಿದ್ದಾರೆಂದು ಇದ್ದುದರಲ್ಲೇ ಒಳ್ಳೆಯ ಕಂಬಳಿ ಆರಿಸಿ ಕಳಿಸಿದೆ. ಅಪ್ಪಟ ಕರಿಯದು, ಅಂಚಿಗೆ ಬಿಳಿ ಗೀಟು ಇದ್ದದ್ದು.

ಕೆಲವು ದಿನಕ್ಕೆ ಫೋನು ಟಿಂಗ್ ಎಂದಿತು. ಗ್ರಾಹಕರು ವಾಪಸು ಮಾಡುತ್ತಿದ್ದಾರೆ. ಕಾರಣ: ಹಳೆಯ, ಹರಿದ ವಸ್ತು ಕಳಿಸಿದ್ದಾರೆ. ಹಳೆಯದಂತೆ! ಮಗ್ಗದಿಂದ ಇಳಿದ ಕಂಬಳಿ ಬಿಸಿಲಲ್ಲಿ ಒಣಗಿದ್ದೇ ತಡ, ಪಾರ್ಸೆಲ್ ಆಗಿತ್ತು. ಓದಿ ಮೈಯೆಲ್ಲ ಉರಿದುಹೋಯಿತು.

ವಾಪಸು ಬಂದದ್ದನ್ನು ವಿಡಿಯೋ ಮಾಡುತ್ತಲೇ ತೆರೆಯಬೇಕು, ಇಲ್ಲದಿದ್ದರೆ ನಮ್ಮ ಮಾತು ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕೊರಿಯರ್‌ನವನು ಪಾರ್ಸೆಲ್ ಅನ್ನು ಕಟ್ಟೆಯ ಮೇಲಿಟ್ಟು ಹೋದ. ಫೋನು ಒಳಗೆ ಚಾರ್ಜಿಗೆ ಇತ್ತು. "ಮಾವ, ಒಂದ್ ನಿಮ್ಷ ಇರಿ, ಮುಟ್ಬ್ಯಾಡ್ರಿ" ಎಂದು ಹೇಳಿಯೇ ಒಳಗೆ ಹೋದೆ. ಆಫ್ ಆಗಿದ್ದ ಫೋನನ್ನು ಆನ್ ಮಾಡಿಕೊಂಡು ತಿರುಗಿ ಬರುವಷ್ಟರಲ್ಲಿ ಮಾವ ಪಾರ್ಸೆಲ್ ಬಿಚ್ಚಿ, ಕಂಬಳಿಯನ್ನು ಗೋಡೆಗೆ ಬಡಿದು ಕೊಡವಿ, ಕಟ್ಟೆಯ ಮೇಲೆ ಹಾಸಿ, ಅದರ ತುಂಬ ಅರಿಶಿನದ ನೀರು ಚಿಮುಕಿಸುತ್ತಿದ್ದರು.

"ಹೋದ ಕಂಬ್ಳಿ ತಿರುಗಿ ಬಂದೈತೆ ಕಣಮ್ಮ. ಹಂಗೇ ಹೊಸ್ಲು ದಾಟಿಸ್ಬಾರ್ದು."

ಅದು ನಮ್ಮ ಮನೆಯ ಪದ್ಧತಿ. ಕೊಟ್ಟ ಕಂಬಳಿ ಯಾವ ಕಾರಣಕ್ಕೆ ವಾಪಸು ಬಂದರೂ ಅರಿಶಿನದ ನೀರು ಬೀಳದೆ ಒಳಗೆ ಬರುವಂತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಕಂಬಳಿ ವಾಪಸು ಬಂದದ್ದೇ ಇರಲಿಲ್ಲ, ಹಾಗಾಗಿ ನನಗೆ ಗೊತ್ತಿರಲಿಲ್ಲ. ಶಾಸ್ತ್ರದ ಅವಸರದಲ್ಲಿ ಕಂಬಳಿಯನ್ನು ಸರಿಯಾಗಿ ನೋಡದಿದ್ದ ಮಾವ ನೀರು ಚಿಮುಕಿಸಿ ಮುಗಿದ ಮೇಲೆ ಅದರ ಮೇಲೆ ಕೈಯಾಡಿಸಿದರು. ಕೈ ಅಲ್ಲೇ ನಿಂತಿತು. "ಇದು ನಾನ್ ನೇಯ್ದಿದ್ದಲ್ಲ" ಎಂದರು. ನೋಡಿದರೆ ಸವೆದು ತೆಳ್ಳಗಾದ ಯಾರದೋ ಹಳೆಯ ಕಂಬಳಿ. ಒಂದು ಮೂಲೆಗೆ ಕೆಂಪು ಸೀರೆಯ ಅಂಚು ಹಾಕಿ ತೇಪೆ ಹೊಲಿದಿದ್ದರು.

ಫೋಟೋ ಹೊಡೆದು ಕಂಪನಿಗೆ ಕಳಿಸಿದೆ. ತೆರೆಯುವಾಗಿನ ವಿಡಿಯೋ ಇಲ್ಲ, ವಸ್ತು ಒದ್ದೆಯಾಗಿದೆ, ಹಳದಿ ಕಲೆಗಳಿವೆ, ನಿಮ್ಮ ದೂರು ತಿರಸ್ಕರಿಸಲಾಗಿದೆ ಎಂದು ಉತ್ತರ ಬಂತು. ಮತ್ತೆ ಬರೆದರೆ ಅದೇ ಉತ್ತರ. ಬಾಯಿದ್ದ ಮನುಷ್ಯರು ಆ ಕಡೆ ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಇಂಥದ್ದು ಇನ್ನೊಂದು ಬಂದರೆ ನಿಮ್ಮ ಅಂಗಡಿ ಮುಚ್ಚುತ್ತೇವೆ ಎಂಬ ಎಚ್ಚರಿಕೆ ಬೇರೆ. ಕಳ್ಳ ಆರಾಮಾಗಿದ್ದ, ಎಚ್ಚರಿಕೆ ನನಗೆ!

ಮಾವ ಅವತ್ತು ಮಗ್ಗಕ್ಕೆ ಇಳಿಯಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು, ನನ್ನ ಮುಖ ನೋಡದೆ ಹೇಳಿದರು.

"ದಲ್ಲಾಳಿಗೇ ಕೊಟ್ಬುಡಾನ ಕಣಮ್ಮ. ಅವ್ನು ಮೋಸ ಮಾಡುದ್ರೂ ಎದ್ರಿಗೆ ನಿಂತ್ಕಂಡು ಮಾಡ್ತಾನೆ."

"ಹಂಗಾದ್ರೆ ನಾನೂ ಎದ್ರಿಗೇ ನಿಂತ್ಕಂಡು ಕೇಳ್ಕಂಡ್ ಬತ್ತೀನಿ ಮಾವ" ಎಂದೆ. ವಾಪಸು ಬಂದ ಪಾರ್ಸೆಲ್ ಮೇಲೆ ವಿಳಾಸ ಇತ್ತು.

ಮರುದಿನ ಬೆಳಿಗ್ಗೆ ಆ ಹಳೆಯ ಕಂಬಳಿಯನ್ನು ಚೀಲಕ್ಕೆ ತುರುಕಿಕೊಂಡು ಹಿಂದೂಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿದೆ, ತೆಲುಗಿನಲ್ಲಿ ಕೆಲವು, ಕನ್ನಡದಲ್ಲಿ ಕೆಲವು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಕೋಪ ದೊಡ್ಡದಾಗಿತ್ತು, ಅದೇ ನನ್ನನ್ನು ಆ ಮನೆಯ ಗೇಟಿನ ತನಕ ಕರೆದುಕೊಂಡು ಹೋಯಿತು. ಕೊಳಾಯಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಒಳ್ಳೆಯ ಮನೆ, ಮುಂದೆ ಬೈಕು. ಬೆಲ್ ಒತ್ತಿದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿದ ಒಬ್ಬ ಮನುಷ್ಯ ಬಂದ.

"ಎವರಮ್ಮಾ?" ಯಾರೆಂದು ತೆಲುಗಿನಲ್ಲಿ ಕೇಳಿದ.

"ನೀವು ತರಿಸ್ಕಂಡ್ರಲ್ಲ, ಕಂಬ್ಳಿ. ಆ ಮನೆಯೋಳು. ನಮ್ ಕಂಬ್ಳಿ ಕೊಡಿ, ಹೋಯ್ತೀನಿ."

ಅವನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಗಂಟಲು ಸರಿಮಾಡಿಕೊಂಡ. "ಕಂಪನಿಗ್ ಹೇಳ್ಕೊಮ್ಮಾ. ನಾಕೇಂ ಸಂಬಂಧಂ? ನೀವು ಕಳಿಸಿದ್ದೇ ವಾಪಸ್ ಹಾಕಿವ್ನಿ."

ಜೋಡಿಸಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಚೀಲದಿಂದ ಕಂಬಳಿ ತೆಗೆದು ಅವನ ಗೇಟಿನ ಮುಂದೆ, ರಸ್ತೆಯಲ್ಲೇ ಹಾಸಿದೆ. ನಮ್ಮ ಸೀಮೆಯಲ್ಲಿ ಪಂಚಾಯ್ತಿ ಕೂರುವುದು ಹಾಸಿದ ಕಂಬಳಿಯ ಮೇಲೆ. ಅದರ ಮೇಲೆ ಕೂತು ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂದು ನಂಬುತ್ತೇವೆ. ಅವನಿಗೂ ಅದು ಗೊತ್ತಿತ್ತು, ಅವನ ಕಣ್ಣಿನಲ್ಲೇ ಕಂಡಿತು.

"ಬನ್ನಿ. ಇದ್ರ ಮ್ಯಾಲೆ ಕೂತ್ಕಂಡು, ನಾನು ಕಳ್ಸಿದ್ ಕಂಬ್ಳಿ ಇದೇ ಅಂತ ಒಂದ್ ಮಾತೇಳಿ. ನಾನು ಬಂದ ದಾರಿ ಹಿಡೀತೀನಿ."

ಅವನು ಅತ್ತಿತ್ತ ನೋಡಿದ. ಕೊಡ ಇಳಿಸಿದ ಹೆಂಗಸರು ಹತ್ತಿರ ಬಂದಿದ್ದರು. "ಡ್ರಾಮಾ ಮಾಡ್ಬ್ಯಾಡ, ಪೊಲೀಸಿಗೆ ಫೋನ್ ಮಾಡ್ತೀನಿ" ಎಂದ. "ಮಾಡಿ, ಅವ್ರೂ ಬಂದು ನೋಡ್ಲಿ" ಎಂದೆ. ನನ್ನ ಗಂಟಲು ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಆ ಗಲಾಟೆಗೆ ಒಳಗಿನಿಂದ ಅವನ ತಾಯಿ ಗೋಡೆ ಹಿಡಿದುಕೊಂಡು ಬಂದರು. ನನ್ನನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ನೆಟ್ಟಗೆ ಗೇಟು ದಾಟಿ ಬಂದು, ಬಗ್ಗಿ, ಆ ಕೆಂಪು ತೇಪೆಯ ಮೇಲೆ ಬೆರಳಿಟ್ಟರು.

"ಅಯ್ಯೋ, ಇದು ನಮ್ದು! ನಮ್ ಹಸೆಗಾಕಿದ್ ಕಂಬ್ಳಿ ಕಣಮ್ಮ. ನನ್ ಧಾರೆ ಸೀರೆ ಅಂಚಿದು. ಮನೆಯೆಲ್ಲಾ ಹುಡುಕ್ದೆ." ಆಮೇಲೆ ಮಗನ ಕಡೆ ತಿರುಗಿದರು. "ಇಲಿ ಕಡ್ದಿತ್ತು, ಬಿಸಾಕ್ಬುಟ್ಟೆ ಅಂದ್ಯಲ್ಲೋ?"

ಆ ತಾಯಿ ನಿಧಾನವಾಗಿ ಕಂಬಳಿಯ ಮೇಲೆ ಕೂತರು. ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಬೀದಿಯವರ ಮುಖ ನೋಡಿ, ನನ್ನ ಚೀಲ ನೋಡಿ, ಅವರಿಗೆ ಅರ್ಥವಾಗಿಹೋಗಿತ್ತು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ಬಾ ಇಲ್ಲಿ. ಆ ಹೆಣ್ಮಗಳು ಕೇಳಿದ್ನ ಕೂತ್ಕಂಡು ಹೇಳು."

ಅವನು ಕೂರಲಿಲ್ಲ. ಒಳಗೆ ಹೋಗಿ, ನಮ್ಮ ಬಿಳಿ ಗೀಟಿನ ಕರಿ ಕಂಬಳಿಯನ್ನು ತಂದು ಗೇಟಿನ ಮೇಲೆ ಹಾಕಿ, ತಿರುಗಿ ನೋಡದೆ ಬಾಗಿಲು ಹಾಕಿಕೊಂಡ. ಅವನ ತಾಯಿ ಇನ್ನೂ ರಸ್ತೆಯಲ್ಲೇ ಕೂತಿದ್ದರು. ಅವರನ್ನು ಎಬ್ಬಿಸಿ, ಅವರ ಕಂಬಳಿಯನ್ನು ಮಡಿಸಿ ಕೈಗೆ ಕೊಟ್ಟೆ. ಅರಿಶಿನದ ಕಲೆ ನೋಡಿ, "ಇದೇನವ್ವ?" ಎಂದು ಕೇಳಿದರು. "ನಮ್ ಮಾವ ಹಾಕಿದ್ದು, ಒಳ್ಳೇದಕ್ಕೇ" ಎಂದೆ. ಅವರ ಮೇಲೆ ನನಗೆ ಅಯ್ಯೋ ಅನ್ನಿಸಿತು. ಮಗನ ಮೇಲೆ ಇವತ್ತಿಗೂ ಅನ್ನಿಸಿಲ್ಲ.

ಕಂಪನಿಯ ತೀರ್ಪು ಬದಲಾಗಲಿಲ್ಲ. ಅವರ ಲೆಕ್ಕದಲ್ಲಿ ನಾನು ಇವತ್ತಿಗೂ ಹರಿದ ಕಂಬಳಿ ಕಳಿಸಿದವಳೇ. ಇರಲಿ. ಅಂಗಡಿ ಮುಚ್ಚಲಿಲ್ಲ.

ನಾನು ಊರು ತಲುಪಿದಾಗ ನಮ್ಮ ಅಂಗಳದಲ್ಲಿ ದಲ್ಲಾಳಿ ಕೂತಿದ್ದ. ಕಂಬಳಿ ವಾಪಸು ಬಂದ ಸುದ್ದಿ ಅವನಿಗೆ ಹೇಗೆ ಮುಟ್ಟಿತೋ. ಮಗ್ಗದ ಪಕ್ಕದ ಕಂಬಳಿಗಳನ್ನು ಆಗಲೇ ಎರಡು ಬೆರಳಲ್ಲಿ ಎತ್ತಿ ನೋಡುತ್ತಿದ್ದ. ಮಾವನ ಕಣ್ಣು ನನ್ನ ಹೆಗಲ ಮೇಲಿದ್ದ ಬಿಳಿ ಗೀಟಿನ ಮೇಲೆ ಬಿತ್ತು. ನಾನು ಹೊಸಿಲು ದಾಟಲು ಹೋದರೆ ಕೈ ಅಡ್ಡ ಹಿಡಿದರು.

"ತಡಿಯಮ್ಮ. ಮೊದ್ಲು ಫೋನ್ ತಗಿ. ವಿಡಿಯೋ ಆಗ್ಲಿ, ಆಮ್ಯಾಕೆ ಅರಿಶಿಣದ್ ನೀರು."

ನಾನು ಫೋನು ತೆಗೆದೆ. ಮಾವ ಅರಿಶಿನದ ನೀರಿನ ಬಟ್ಟಲು ಹಿಡಿದು ನಿಂತು ದಲ್ಲಾಳಿಯ ಕಡೆ ತಿರುಗಿದರು.

"ನೀನು ಹೊರಡಪ್ಪ. ಇವು ಫೋನಿಗ್ ಹೋಗೋ ಕಂಬ್ಳಿ."