ಬಸಣ್ಣ ಉಪ್ಪಿಲ್ಲ ಅಂದ ಭಾನುವಾರ

ಮಾನ್ಯ ಮಹಾಜನರೇ, ಮೌನವಾಗಿ ಸ್ಕ್ರೋಲ್ ಮಾಡುವ ಸಜ್ಜನರೇ, ಓದಿಯೂ ಲೈಕ್ ಒತ್ತದ ಬಂಧುಜನರೇ...

ತಮ್ಮೆಲ್ಲರ ಮುಂದೆ ಇವತ್ತು ಒಬ್ಬ ಆರೋಪಿಯನ್ನು ನಿಲ್ಲಿಸುತ್ತಿದ್ದೇನೆ. ಹೆಸರು ಬಸಣ್ಣ. ಊರು ಬಾಗಲಕೋಟೆ ಕಡೆ. ಅಪರಾಧ: ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಬಸ್ಸಾರಿಗೆ ಉಪ್ಪಿಲ್ಲ ಎಂದು ನಮ್ಮಮ್ಮನ ಮುಖಕ್ಕೇ ಹೇಳಿದ್ದು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕನ್ನಡ ಮೀಡಿಯಂ ಬಿ.ಎ. ಓದಿದವನ ಕೈಗೆ ಅಳತೆ ನೋಡುವ ವರ್ನಿಯರ್ ಹೇಗೆ ಬಂತು ಎಂದು ಕೇಳಬೇಡಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪೀಸ್ ರಿಜೆಕ್ಟ್ ಮಾಡುವುದು ನನ್ನ ಕೆಲಸ.

ಬಸಣ್ಣ ಲೇಥ್ ಆಪರೇಟರ್. ಅವನ ಮೊದಲ ದಿನದ ಕೆಲಸವಷ್ಟನ್ನೂ ನಾನು ರಿಜೆಕ್ಟ್ ಮಾಡಿದ್ದೆ.

ಸಂಜೆ ಬಂದು, "ಸರ, ಎಲ್ಲಿ ತಪ್ಪಾಗೇತಿ ತೋರಸ್ರಿ" ಅಂದ. ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಎಲ್ಲರೂ ವರ್ನಿಯರನ್ನೇ ಬೈಯುತ್ತಿದ್ದರು.

ನಮ್ಮ ಮನೆಯ ಮೇಲಿನ ರೂಮು ಖಾಲಿಯಿತ್ತು. ಬಾಡಿಗೆಗೆ ಬಂದ. ವಾರ ಕಳೆಯುವುದರೊಳಗೆ ನಾನು 'ಸರ' ಹೋಗಿ 'ಅಣ್ಣ' ಆದೆ. ಆರು ವರ್ಷ, ಭಾನುವಾರದ ಮಧ್ಯಾಹ್ನದ ಊಟ ಅವನಿಗೆ ನಮ್ಮಲ್ಲೇ.

ಮೊದಲ ಭಾನುವಾರ ಅವನು ಮುದ್ದೆಯನ್ನು ಅಗಿದ. ಅಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು.

"ಅಂಗಲ್ಲ ಕಣಪ್ಪ, ಅಗೀಬೇಡ. ಇಂಗೆ ಸಾರಲ್ಲಿ ಅದ್ದು, ನುಂಗು."

"ಅವ್ವಾ, ಗಂಟಲ್ದಾಗ ಸಿಕ್ಕೊಂಡ್ರ ಯಾರ ಜವಾಬ್ದಾರಿ?"

"ನಾನಿಲ್ವೇನಪ್ಪ?"

ಅವನು ಮುದ್ದೆ ನುಂಗಲು ಕಲಿತ. ಅವನು ಊರಿಂದ ತಂದ ಗಟ್ಟಿಯಾದ ಕಟಕ್ ರೊಟ್ಟಿಯನ್ನು ಹಲ್ಲಿರುವ ಕಡೆಯಿಂದ ಅಗಿಯಲು ಅಮ್ಮ ಕಲಿತಳು.

ಹೋದ ವರ್ಷ ಅಮ್ಮನಿಗೆ ಜ್ವರ ಬಂತು. ಜ್ವರವೇನೋ ಹೋಯಿತು. ಹೋಗುವಾಗ ನಾಲಿಗೆಯ ರುಚಿಯನ್ನೂ ಕರೆದುಕೊಂಡು ಹೋಯಿತು...

ನಮಗೆ ಗೊತ್ತಾಗಿದ್ದು ಸಾರಿನಿಂದ. ಒಂದು ದಿನ ಉಪ್ಪೇ ಇಲ್ಲ, ಮರುದಿನ ಎರಡು ಸಲ ಬಿದ್ದಿದೆ. ಅಮ್ಮ ಬಾಯಿ ಬಿಡಲಿಲ್ಲ. ನಾವೂ ಕೇಳಲಿಲ್ಲ.

ಹೇಗೆ ಕೇಳುವುದು? ಅಪ್ಪ ತೀರಿಕೊಂಡ ಮೇಲೆ ಫ್ಯಾಕ್ಟರಿಯವರಿಗೆ ಊಟದ ಡಬ್ಬಿ ಕಟ್ಟಿ ನನ್ನನ್ನು ಓದಿಸಿದವಳು. ಉಪ್ಪಿಗೆ ಚಮಚ ಹಿಡಿದವಳೇ ಅಲ್ಲ. ಭರಣಿಗೆ ಕೈ ಹಾಕಿ, ಮುಷ್ಟಿ ಸ್ವಲ್ಪ ಸಡಿಲಿಸಿ ಒಂದೆರಡು ಕಲ್ಲು ವಾಪಸ್ ಬೀಳಿಸಿ, ಉಳಿದದ್ದನ್ನು ಸಾರಿಗೆ ಎಸೆಯುತ್ತಿದ್ದಳು. ಒಂದು ಡಬ್ಬಿಯ ಮೇಲೂ ದೂರು ಬಂದಿರಲಿಲ್ಲ.

ಹಾಗಾಗಿ ಒಂದು ಏರ್ಪಾಟಾಯಿತು. ಅಮ್ಮ ದೇವರ ದೀಪ ಹಚ್ಚಲು ಹೋದ ತಕ್ಷಣ ನನ್ನ ಹೆಂಡತಿ ಸವಿತಾ ಓಡಿ ಹೋಗಿ ಸಾರು ನೆಕ್ಕಿ ನೋಡುವುದು. ಕಡಿಮೆಯಿದ್ದರೆ ಉಪ್ಪು, ಜಾಸ್ತಿಯಿದ್ದರೆ ಬಿಸಿನೀರು. ಊಟಕ್ಕೆ ಕೂತಾಗ ಎಲ್ಲರದೂ ಒಂದೇ ಮಾತು: "ಸಕ್ಕತ್ತಾಗಿದೆ ಅಮ್ಮ."

ಕಾರ್ಖಾನೆಯಲ್ಲಿ ಕಂಡದ್ದೆಲ್ಲ ರಿಜೆಕ್ಟು, ಮನೆಯಲ್ಲಿ ಉಂಡದ್ದೆಲ್ಲ ಪರ್ಫೆಕ್ಟು.

ಈ ಏರ್ಪಾಟು ಬಸಣ್ಣನಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಆ ಭಾನುವಾರ ಅಮ್ಮ ಒಲೆ ಬಿಟ್ಟು ಕದಲಲಿಲ್ಲ. ದೀಪ ಹಚ್ಚಲು ಸವಿತಾಳನ್ನೇ ಕಳಿಸಿದಳು. ತಾನೇ ಬಡಿಸಿದಳು. ಬಡಿಸಿ, ಬಾಗಿಲಿಗೆ ಒರಗಿ ನಿಂತಳು.

ಬಸ್ಸಾರಿನಲ್ಲಿ ಒಂದು ಕಲ್ಲು ಉಪ್ಪೂ ಇರಲಿಲ್ಲ.

"ಎಂಗೈತೆ?" ಎಂದು ಕೇಳಿದಳು.

"ಸಕ್ಕತ್ತಾಗಿದೆ" ಅಂದೆ. "ಸೂಪರ್ ಅತ್ತೆ" ಅಂದಳು ಸವಿತಾ.

ಬಸಣ್ಣ ತುತ್ತು ನುಂಗಿ ತಲೆಯೆತ್ತಿದ. "ಅವ್ವಾ, ಉಪ್ಪು ಹಾಕೂದ ಮರತೀರಿ ನೋಡ್ರಿ. ಅದೊಂದು ಬಿಟ್ರ ಭಾರೀ ಆಗೇತಿ."

ಅಮ್ಮ ನಗಲಿಲ್ಲ.

"ಮರ್ತಿಲ್ಲ ಕಣಪ್ಪ. ಬೇಕಂತ್ಲೇ ಆಕ್ಲಿಲ್ಲ." ಆಮೇಲೆ ನಮ್ಮ ಕಡೆ ತಿರುಗಿದಳು. "ಎಷ್ಟು ದಿನದಿಂದ ಇಂಗೆ ಸುಳ್ಳೇಳ್ತಾ ಇದೀರಿ?"

ನಾನು ಇನ್ನೊಂದು ತುತ್ತು ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಅಮ್ಮ ಉಪ್ಪಿನ ಭರಣಿ ತಂದು ಸವಿತಾಳ ಮುಂದಿಟ್ಟು, ಕೈ ತೊಳೆದು, ಜಗಲಿಯಲ್ಲಿ ಹೋಗಿ ಕೂತಳು. ಅವತ್ತಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. ಕುಡಿಯುವ ನೀರನ್ನೂ ಕೇಳಿ ಇಸಿದುಕೊಳ್ಳುತ್ತಾಳೆ.

ಈಗ ಸವಿತಾ ಅಡುಗೆ ಮಾಡುತ್ತಾಳೆ. ಅಮ್ಮ ಉಂಡು, ತಟ್ಟೆಯನ್ನು ಸರಿಸಿ, ದಿನವೂ ಹೇಳುತ್ತಾಳೆ: "ಸಕ್ಕತ್ತಾಗೈತೆ."

ನಮ್ಮ ಮಾತು, ನಮಗೇ ವಾಪಸ್.

ಬಸಣ್ಣ ಆ ತಿಂಗಳ ಕೊನೆಗೆ ರೂಮು ಬಿಟ್ಟು ಹೋದ. ಜಾಲಹಳ್ಳಿ ಕಡೆ ಇದ್ದಾನಂತೆ. ಅವನ ಪೀಸುಗಳು ನನ್ನ ಟೇಬಲ್ಲಿಗೆ ಬರುತ್ತವೆ, ಅವನು ಬರುವುದಿಲ್ಲ. ಬೇರೆಯವರ ಕೈಲಿ ಕಳಿಸುತ್ತಾನೆ. ಅಳೆದು ಅಳೆದು ನೋಡುತ್ತೇನೆ... ಒಂದೂ ರಿಜೆಕ್ಟ್ ಆಗುವುದಿಲ್ಲ.

ಭಾನುವಾರ ಬಂದರೆ ಅಮ್ಮನದು ಒಂದೇ ಪ್ರಶ್ನೆ.

"ಬಸಣ್ಣ ಇವತ್ತೂ ಬರ್ಲಿಲ್ವ? ರೂಮು ಬಿಟ್ರೆ ಊಟನೂ ಬಿಟ್ಬುಡದಾ?"

"ಓಟಿ ಅಮ್ಮ. ಭಾನುವಾರಾನೂ ಡ್ಯೂಟಿ" ಅನ್ನುತ್ತೇನೆ.

ಮೊನ್ನೆ ಅಮ್ಮ ತಟ್ಟೆ ನೋಡುತ್ತಾ ಅಂದಳು: "ಅವ್ನಿದ್ದಿದ್ರೆ ಕೇಳ್ಬೋದಾಗಿತ್ತು, ಸಾರು ಎಂಗೈತೆ ಅಂತ. ನಂಗೇನೂ ಗೊತ್ತಾಗಲ್ಲ. ನೀವು ನಿಜ ಏಳಲ್ಲ."

ಮಹಾಜನರೇ, ಇನ್ನು ತೀರ್ಪು... ಬೇಡ ಬಿಡಿ, ಸಾಕು.

ಓಟಿ ಗೀಟಿ ಏನೂ ಇಲ್ಲ. ಅವತ್ತು ಊಟವಾದ ಮೇಲೆ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿ, "ನೀನು ನಮ್ಮಮ್ಮನ ಕೈಯಿಂದ ಸೌಟು ಕಿತ್ಕೊಂಡ್ಬಿಟ್ಟೆ ಕಣೋ. ಇನ್ಮೇಲೆ ಊಟಕ್ಕೆ ಬರ್ಬೇಡ, ರೂಮೂ ಖಾಲಿ ಮಾಡು" ಅಂದವನು ನಾನು.

ಆರು ವರ್ಷ ಅಣ್ಣ ಅಂದವನು, "ಆತ್ರಿ ಸರ" ಎಂದು ಮೇಲೆ ಹತ್ತಿ ಹೋದ.

ಅಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ.