ಮಹಡಿಯಿಂದ ಬರುತ್ತಿದ್ದ ವಾಸನೆ

ಹಣೆಯ ಮೇಲೆ ಬಿಳಿ ವಿಭೂತಿ, ಉಗುರುಗಳ ಅಂಚಿನಲ್ಲಿ ಎಷ್ಟು ಉಜ್ಜಿದರೂ ಬಿಡದ ಕಾಫಿ ಬಣ್ಣ. ಜೆ.ಪಿ. ನಗರದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಬಂದು ಅಂಕಲ್ ಕೈ ಮುಗಿದಾಗ ನಾನು ಮೊದಲು ಕಂಡದ್ದು ಆ ಉಗುರುಗಳನ್ನು. ಇದು ಯಾವ ಕೆಲಸ ಮಾಡಿದ ಕೈ ಎಂದು ಗೊಂದಲವಾಯಿತು. ಅಂದು ಶುರುವಾದ ಗೊಂದಲ ಇಂದಿಗೂ ಮುಗಿದಿಲ್ಲ.

ಅವರು ಕಾಗದದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು, ಒಂಟಿ ಜೀವ. ಮರ ಬೇಯಿಸಿ ಕಾಗದಕ್ಕೆ ಬೇಕಾದ ನಾರು ತೆಗೆದ ಮೇಲೆ ಒಂದು ಕರಿ ರಸ ಉಳಿಯುತ್ತದಂತೆ. ಕಾರ್ಖಾನೆಯವರು ಅದನ್ನು ಬಾಯ್ಲರಿನಲ್ಲಿ ಉರಿಸಿಬಿಡುತ್ತಾರೆ. ಅದರಿಂದ ಎಂಜಿನ್ ಓಡಿಸುವ ಎಣ್ಣೆ ತೆಗೆಯಬೇಕೆಂಬುದು ಇವರ ಹಟ. ಹಳೆಯ ಸ್ನೇಹಿತರು ಕಳಿಸುತ್ತಿದ್ದ ಕರಿ ರಸದ ಡಬ್ಬಿಗಳನ್ನು ತಾರಸಿಯ ಕೋಣೆಯಲ್ಲಿಟ್ಟು, ಕಾಯಿಸಿ, ಸೋಸಿ, ಮತ್ತೆ ಕಾಯಿಸುವರು.

“ಮರ ತನ್ನ ಅರ್ಧ ಮೈಯನ್ನ ಪುಸ್ತಕಕ್ಕೆ ಕೊಡುತ್ತಮ್ಮ. ಇನ್ನರ್ಧಾನ ಕಸ ಅಂದ್ರೆ ಹೆಂಗೆ?” ಎನ್ನುವರು.

ಇವರು ವಿಜ್ಞಾನಿಯೋ, ತಲೆ ಕೆಟ್ಟವರೋ? ಒಂದು ಸಂಜೆ ಅವರ ಕಂದು ಎಣ್ಣೆ ಹಣತೆಯಲ್ಲಿ ಚೆನ್ನಾಗಿ ಉರಿಯಿತು. ಮಗುವಿನಂತೆ ಚಪ್ಪಾಳೆ ತಟ್ಟಿದರು. ಮರುದಿನ ಅದೇ ಎಣ್ಣೆ ಚಟಪಟ ಎಂದು ಆರಿಹೋಯಿತು. ಯಾಕೆ ಎಂದು ಕೇಳಿದೆ. “ನಂಗೂ ಅದೇ ಕನ್ಫ್ಯೂಷನ್ನಮ್ಮ” ಎಂದು ನಕ್ಕರು.

ವಾಸನೆ ಮಾತ್ರ ಸಹಿಸುವಂಥದ್ದಲ್ಲ. ಅವರು ಬಂದ ವರ್ಷದ ಯುಗಾದಿಯ ದಿನ ಡಬ್ಬಿ ತೆರೆದರು ನೋಡಿ, ಬೀದಿಗೆ ಬೀದಿಯೇ ಗ್ಯಾಸ್ ಸೋರುತ್ತಿದೆ ಎಂದು ಸಿಲಿಂಡರ್ ಆಫ್ ಮಾಡಿತು. ನಮ್ಮ ಕಾವಲಿಯ ಮೇಲೆ ಒಬ್ಬಟ್ಟು ಅರ್ಧ ಬೆಂದು ಕುಳಿತಿತು. ಅಂಕಲ್ ಮನೆಮನೆಗೂ ಹೋಗಿ ಕೈ ಮುಗಿದು, “ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗ್ಲಿ ಅಂತ ವಾಸನೆ ಬೆರೆಸ್ತಾರೆ. ನನ್ನ ಡಬ್ಬಿ ವಾಸನೇನೂ ಅದೇ ಜಾತಿ, ಕ್ಷಮಿಸಿ” ಎಂದರು. ಬರಬರುತ್ತಾ ಬೀದಿಗೆ ಅಭ್ಯಾಸವಾಯಿತು. ವಾಸನೆ ಬಂದರೆ “ಅಂಕಲ್ ಅಡುಗೆ ಇಟ್ರು” ಎಂದು ಎಲ್ಲರೂ ತಮ್ಮ ತಮ್ಮ ಒಲೆ ಹಚ್ಚುತ್ತಿದ್ದರು.

ನನಗೆ ಮಾತ್ರ ಸಾಕಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಹಾಲ್‌ನಲ್ಲಿ ಮಲಗಿದ್ದರು, ಎದ್ದೊಡನೆ ಅವರೇ ಹಾಲು ಬಿಸಿ ಮಾಡಿಕೊಳ್ಳುವ ರೂಢಿ. ಬಟ್ಟೆ ಮಡಿಸುತ್ತಿದ್ದ ನನ್ನ ಮೂಗಿಗೆ ವಾಸನೆ ಬಡಿಯಿತು. ಇವತ್ತು ಹೇಳಿಯೇಬಿಡೋಣ, ಡಬ್ಬಿ ಬಿಡಲಿ ಇಲ್ಲವೇ ಮನೆ ಬಿಡಲಿ ಎಂದು ದಡದಡ ಮೆಟ್ಟಿಲು ಹತ್ತಿದೆ.

ಅಂಕಲ್ ಪೇಪರ್ ಓದುತ್ತಾ ಕುಳಿತಿದ್ದರು.

“ಮತ್ತೆ ಶುರು ಮಾಡಿದ್ರಾ ಅಂಕಲ್?”

“ಇವತ್ತು ಮುಚ್ಚಳಾನೇ ತೆಗ್ದಿಲ್ವಲ್ಲಮ್ಮ.”

ಅವರ ಮುಖ ಬಿಳಿಚಿಕೊಂಡಿತು. ಪೇಪರ್ ಎಸೆದು, ಬರಿಗಾಲಲ್ಲಿ ನನಗಿಂತ ಮುಂಚೆ ಕೆಳಗಿಳಿದರು. “ಸ್ವಿಚ್ ಮುಟ್ಬೇಡಿ!” ಎಂದು ಕೂಗುತ್ತಲೇ ಅಡುಗೆಮನೆಗೆ ನುಗ್ಗಿ ರೆಗ್ಯುಲೇಟರ್ ತಿರುಗಿಸಿದರು, ಕಿಟಕಿಗಳನ್ನು ತೆರೆದರು. ಒಲೆಯ ಹಿಂದೆ ಪೈಪು ಬಿರಿದಿತ್ತು. ಅತ್ತೆ ಆಗಲೇ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಇನ್ನೊಂದು ಕೈಯಲ್ಲಿ ಲೈಟರ್.

ಅವರ ಡಬ್ಬಿ ಇಲ್ಲದಿದ್ದರೆ ಆ ವಾಸನೆಗೆ ನಾನು ಆಗಲೇ ಹೆದರುತ್ತಿದ್ದೆ. ಅವರು ಇಲ್ಲದಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ. ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಅಳುತ್ತಾ ನಿಂತೆ.

ಸಂಜೆಯೇ ಅವರು ಡಬ್ಬಿಗಳಿಗೆಲ್ಲ ಹಗ್ಗ ಬಿಗಿದರು. “ನಿಮ್ಮ ಮೂಗನ್ನೇ ಕೆಡಿಸ್ಬಿಟ್ನಲ್ಲಮ್ಮ. ಮನೆ ಕಾಯೋ ನಾಯಿಗೆ ನಾನೇ ನಿದ್ದೆ ಔಷಧಿ ಹಾಕ್ದಂಗಾಯ್ತು” ಎಂದರು. ನಿಲ್ಲಿಸಿ ಎನ್ನಲು ಹೋಗಿದ್ದ ನಾನೇ, ಮುಂದುವರಿಸಿ ಅಂಕಲ್ ಎಂದು ಬೇಡಿಕೊಂಡೆ. ಕೇಳಲಿಲ್ಲ. ಡಬ್ಬಿಗಳು ಕಾರ್ಖಾನೆಗೇ ವಾಪಸಾದವು. ಅವರ ಎಣ್ಣೆಯಿಂದ ಒಂದು ಎಂಜಿನ್ನೂ ಓಡಲಿಲ್ಲ.

ಹೋದ ವರ್ಷ ನಿದ್ದೆಯಲ್ಲೇ ಹೋದರು. ತಮ್ಮನ ಮಕ್ಕಳು ಊರಿಗೆ ಒಯ್ದು ಮಣ್ಣು ಮಾಡಿದರು. ಮಹಡಿಯನ್ನು ನಾನಿನ್ನೂ ಬಾಡಿಗೆಗೆ ಕೊಟ್ಟಿಲ್ಲ.

ಈಗ ಅಂಥ ವಾಸನೆಯ ಸುಳಿವು ಬಂದರೂ ಸಾಕು, ಮೊದಲು ಓಡಿ ರೆಗ್ಯುಲೇಟರ್ ತಿರುಗಿಸುತ್ತೇನೆ. ಆಮೇಲೆ ತಾರಸಿಗೆ ಹೋಗಿ, ಬೀಗ ಹಾಕಿದ ಕೋಣೆಯ ಬಾಗಿಲಿಗೆ ಮೂಗು ಹಚ್ಚಿ ನಿಲ್ಲುತ್ತೇನೆ. ಇಲ್ಲಿಂದಲೇ ಬಂದಿರಲಿ ದೇವರೇ ಅನ್ನಿಸುತ್ತದೆ.